ಬೋರು ಹೊಡೆಸಿದವ ಪಾಪ, ವಿಮಾನ ಕಟ್ಟಿದವ ಹುಚ್ಚ

ಭಾನುವಾರ ಬೀದರ್‌ನಲ್ಲಿ ನಮ್ಮ ಬಳಗದವರ ಮನೆಯ ಜಾವಳ ಇತ್ತು. ಹುಗ್ಗಿ ಭಾರಿ ಆಗಿತ್ತು, ಅದರ ಬಗ್ಗೆ ತಕರಾರಿಲ್ಲ. ಪಂಗತಿಯಲ್ಲಿ ನನ್ನ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಸಣ್ಣ ವಿಮಾನ ಕಟ್ಟುತ್ತಾ ಊರವರಿಂದ ಹುಚ್ಚ ಅನ್ನಿಸಿಕೊಂಡ ನಮ್ಮ ಸೋದರಮಾವನ ಮಗನ ಕಡೆ ತಿರುಗಿ, ಇಡೀ ಸಾಲಿಗೆ ಕೇಳಿಸೋ ಹಂಗ, "ಏನ್ರೀ ಪೈಲಟ್ ಸಾಹೇಬ್ರೆ, ಇವತ್ತ ನೆಲದ ಮ್ಯಾಲೆ ಕುಂತೀರಲ್ಲ?" ಅಂದರು. ಸಾಲಿಗೆ ಸಾಲೇ ನಕ್ಕಿತು. ಅವನೂ ನಕ್ಕ. ನನಗೆ ಮಾತ್ರ ಮೈ ಉರಿಯಿತು.

ತಮಾಷೆ ಏನಂದ್ರೆ ಅದೇ ಹೊತ್ತಿಗೆ ಹಾಲ್ ಅಂಗಳದ ಮೇಲೆ ಒಂದು ಡ್ರೋನ್ ಗುಂಯ್ ಅಂತ ಸುತ್ತುತ್ತಿತ್ತು. ಕೂಸಿನ ಬೋಳುತಲೆಯನ್ನ ಆಕಾಶದಿಂದ ಶೂಟಿಂಗ್ ಮಾಡಬೇಕಲ್ಲ! ವಾಯುನೆಲೆ ಇರೋ ಊರಲ್ಲಿ ಡ್ರೋನ್ ಎಲ್ಲಿ ಬೇಕಂದ್ರೆ ಅಲ್ಲಿ ಹಾರಿಸೋ ಹಂಗಿಲ್ಲ, ರೆಡ್ ಝೋನ್, ಯೆಲ್ಲೋ ಝೋನ್ ಅಂತ 2021ರ ಡ್ರೋನ್ ನಿಯಮದಲ್ಲೇ ಇದೆ. ಪರ್ಮಿಷನ್ ತಗೊಂಡೀರೇನ್ರಿ ಅಂತ ಒಬ್ಬರಾದರೂ ಕೇಳಿದರಾ? ಕೇಳಿದ್ದರೆ ಆ ಪಂಗತಿಯಲ್ಲಿ ಇಬ್ಬರು ಹುಚ್ಚರಾಗುತ್ತಿದ್ದೆವು.

ಅವನ ಬಗ್ಗೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಐಟಿಐ ಫಿಟ್ಟರ್. ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ. ಟ್ರಾಲಿ, ಕೂರಿಗೆ, ರಾಶಿ ಮಷಿನ್ ರಿಪೇರಿ ಮಾಡ್ತಾನೆ. ಉಳಿದ ಹೊತ್ತಿನಲ್ಲಿ ಒಬ್ಬರೇ ಕೂತು ಹಾರುವಂಥ ಒಂದು ಸಣ್ಣ ವಿಮಾನ ಕಟ್ಟುತ್ತಾನೆ. ಅದಕ್ಕೆ ಸಾಲ ಆಗಿದೆ. ಆ ಸಾಲದ ಬಗ್ಗೆಯೇ ನನಗೆ ಮಾತಾಡಬೇಕಿರೋದು.

ಅವತ್ತು ನಕ್ಕ ಆ ಹಿರಿಯರು ತಮ್ಮ ಹೊಲದಲ್ಲಿ ಒಂದಾದ ಮೇಲೊಂದು ಬೋರು ಹೊಡೆಸಿದವರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲದ ತುಂಬ ಅಡ್ಡಾಡಿದವನೊಬ್ಬ "ಇಲ್ಲೇ ಅದ ನೋಡ್ರಿ ಗಂಗವ್ವ" ಅಂದಲ್ಲೆಲ್ಲ ಲಾರಿ ತಂದು ನಿಲ್ಲಿಸಿದರು. ನಮ್ಮದು ಕಪ್ಪುಕಲ್ಲಿನ ನೆಲ. ಪದರಿನ ಸಂದಿಯಲ್ಲಿ ನೀರು ಸಿಕ್ಕರೆ ಸಿಕ್ಕಿತು, ಇಲ್ಲಾಂದ್ರೆ 600 ಅಡಿ ಹೋದರೂ ಬರೀ ಧೂಳು. ಅವರಿಗೆ ಧೂಳೇ ಸಿಕ್ಕಿತು. ಊರು ಏನಂತು? "ಪಾಪ, ನಸೀಬು ಸರಿ ಇಲ್ಲ" ಅಂತು. ಬ್ಯಾಂಕು ಸಾಲ ಕೊಟ್ಟಿತು, ಬೀಗರು ಕೈಗಡ ಕೊಟ್ಟರು. ತೆಂಗಿನಕಾಯಿ ಹಿಡಿದವನಿಗೆ ದಕ್ಷಿಣೆ, ಊಟ, ವೀಳ್ಯ. ನಮ್ಮ ಮಾವನ ಮಗ ಪೆನ್ಸಿಲ್ ಹಿಡಿದು ಎರಡು ನೋಟ್‌ಬುಕ್ಕಿನ ತುಂಬ ರೆಕ್ಕೆಯ ಲೆಕ್ಕ ಮಾಡಿದ, ತೂಕ ಎಲ್ಲಿ ಬೀಳ್ತದ ಅಂತ ಗ್ರಾಂ ಗ್ರಾಂ ಹಿಡಿದು ಬರೆದ. ಅವನು ಹುಚ್ಚ.

ಮದುವೆ ಸಾಲ ಬಿಡಿ, ಅದರ ಬಗ್ಗೆ ಬರೆದರೆ ಅರ್ಧ ಬಳಗ ನನ್ನ ಅನ್‌ಫ್ರೆಂಡ್ ಮಾಡ್ತದೆ.

ಎಲ್ಲ ಮದುವೆಗಳ ಸಾಲದ ಮುಂದೆ ಇವನದೇನು ದೊಡ್ಡದಲ್ಲ. ಸಿಕಂದರಾಬಾದಿನ ರಾಣಿಗಂಜ್‌ನಿಂದ 6061 ನಂಬರಿನ ಅಲ್ಯೂಮಿನಿಯಂ ಪೈಪು ಬಂತು. ಎಂಜಿನ್ನು ಗುಜರಿಗೆ ಹೋಗಬೇಕಾಗಿದ್ದ ಮಾರುತಿ 800ದು, 796 ಸಿಸಿ, ಮೂರು ಸಿಲಿಂಡರ್. ಅದನ್ನ ನಟ್ಟು ನಟ್ಟು ಬಿಚ್ಚಿ ಮತ್ತೆ ಕೂಡಿಸಿದ. ಮೊದಲು ದುಡಿದ ದುಡ್ಡು, ಆಮೇಲೆ ಭಿಸಿ, ಅಂದ್ರೆ ಚೀಟಿ, ಎತ್ತಿದ ದುಡ್ಡು, ಆಮೇಲೆ ಹೆಂಡತಿಯ ಬಂಗಾರದ ಬಳೆ, ಪಾಟ್ಲಿ. ಪಾಟ್ಲಿ ಇನ್ನೂ ಅಡ ಇಟ್ಟಲ್ಲೇ ಇವೆ. ಹೋದಾಗೊಮ್ಮೆ ನಾನು ತಂಗಿಯಂಥ ಆ ಹುಡುಗಿಗೆ, "ನಿನಗ ಸಿಟ್ಟು ಬರಲ್ಲೇನವ್ವ?" ಅಂತ ಕೇಳಿದೆ. ಗಂಡನ ಕನಸೇ ನನ್ನ ಕನಸು ಅಂತ ಸಿನಿಮಾ ಡೈಲಾಗ್ ಹೇಳ್ತಾಳೆ ಅಂದ್ಕೊಂಡಿದ್ದೆ. ಅವಳು ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಬರ್ತದ್ರಿ ಭಾವ. ದಿನಾ ಬರ್ತದ. ಹಾರ್ಲಿ ಬ್ಯಾಡನ್ನಲ್ಲ ನಾ. ಮೊದ್ಲ ನನ್ನ ಪಾಟ್ಲಿ ಬಿಡಿಸಿಕೊಟ್ಟು ಹಾರ್ಲಿ" ಅಂದಳು. ಇದಕ್ಕಿಂತ ನ್ಯಾಯವಾದ ಮಾತು ಈ ವಿಷಯದಲ್ಲಿ ಇನ್ಯಾರೂ ಆಡಿಲ್ಲ.

ಅವನ ಕೆಲಸ ನೋಡದೆ ನಗೋರಿಗೆ ಒಂದು ಮಾತು. ಎಂಜಿನ್ ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗ್ತದೆ. ಐದೂವರೆ ಅಡಿ ಉದ್ದದ ಫ್ಯಾನನ್ನ, ಅಂದ್ರೆ ವಿಮಾನದ ಪ್ರೊಪೆಲ್ಲರನ್ನ, ಅದಕ್ಕೆ ನೇರ ಸಿಕ್ಕಿಸಿದರೆ ತುದಿಯ ವೇಗ ಶಬ್ದದ ವೇಗವನ್ನೇ ದಾಟ್ತದೆ. ಆಗ ಗದ್ದಲ ಜಾಸ್ತಿ, ಎಳೆತ ಕಮ್ಮಿ. ಅದಕ್ಕೇ ನಡುವೆ ಬೆಲ್ಟು, ಪುಲ್ಲಿ ಹಾಕಿ ಸುತ್ತನ್ನ ಅರ್ಧಕ್ಕೆ ಇಳಿಸಿದಾನೆ. ಆ ಫ್ಯಾನು ಕಟ್ಟಿಗೆಯದು. ಪಟ್ಟಿ ಮೇಲೆ ಪಟ್ಟಿ ಅಂಟಿಸಿ, ಅರ ಹಾಕಿ ಉಜ್ಜಿ ಉಜ್ಜಿ ಮಾಡಿದ್ದು. ಅದರ ತೂಕ ಸರಿಮಾಡೋದನ್ನ ನಾನು ಕಣ್ಣಾರೆ ನೋಡಿದೆ. ಎರಡು ಕುರ್ಚಿ ನಡುವೆ ನುಣುಪಾದ ಸರಳು ಇಟ್ಟು ಫ್ಯಾನಿನ ನಡುತೂತಿಗೆ ಪೋಣಿಸಿ ಕೈ ಬಿಟ್ಟ. ಒಂದು ಎಲೆ ನಿಧಾನಕ್ಕೆ, ನಿದ್ದೆ ಬಂದವರ ತಲೆ ವಾಲಿದಂಗ, ಕೆಳಗಿಳಿಯಿತು. ಅದಕ್ಕೆ ಸ್ಯಾಂಡ್‌ಪೇಪರಿನಿಂದ ನಾಲ್ಕು ಸಲ ಉಜ್ಜಿದ. ಮತ್ತೆ ಬಿಟ್ಟ. ಮತ್ತೆ ಅದೇ ಎಲೆ ಇಳಿಯಿತು, ಈ ಸಲ ಇನ್ನೂ ನಿಧಾನ. ಗಾಳಿಯ ಫ್ಯಾನ್ ಬಂದ್ ಮಾಡಿಸಿದ, ಬಾಗಿಲು ಹಾಕಿಸಿದ, ನನಗೆ ಗಾಳಿ ಬರೋ ಕಡೆಯಿಂದ ಎದ್ದು ಆ ಕಡೆ ಕೂಡು ಅಂದ. ಕತ್ತಲಾಗೋವರೆಗೂ ಉಜ್ಜಿದ. ಕೊನೆಗೆ ಹಗುರ ಎಲೆಯ ತುದಿಗೆ ಒಂದು ಕೋಟ್ ವಾರ್ನಿಶ್ ಬಳಿದ ಮೇಲೆ ಅದು ಅಡ್ಡಡ್ಡ ನಿಂತೇ ಬಿಟ್ಟಿತು, ಎತ್ತಲೂ ವಾಲದೆ. ನನ್ನ ಸರ್ವೀಸಿನಲ್ಲಿ ಇಷ್ಟು ಚೊಕ್ಕ ಕೆಲಸ ನಾನು ಒಂದು ದಿನವೂ ಮಾಡಿಲ್ಲ. ಹೊಟ್ಟೆಕಿಚ್ಚಾಯಿತು. ಬರೆದಿದೀನಿ ನೋಡಿ.

ಈ ಹುಚ್ಚು ಎಲ್ಲಿಂದ ಬಂತು ಅಂತ ಕೇಳೋರು ಬೀದರ್‌ನವರೇ ಆಗಿದ್ದರೆ ನನಗೆ ಇನ್ನೂ ಸಿಟ್ಟು. ನಾವು ಸಾಲಿಗೆ ಹೋಗುವಾಗ ವಿಮಾನ ತಲೆ ಮೇಲೆ ಹೋದರೆ ಮಾಸ್ತರು ಗಣಿತ ನಿಲ್ಲಿಸಿ, ಸದ್ದು ಹೋಗೋ ತನಕ ಸೀಮೆಸುಣ್ಣ ಹಿಡಕೊಂಡು ನಿಲ್ತಿದ್ದರು. ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಹುಟ್ಟಿದ್ದೇ ಈ ಊರಲ್ಲಿ. ಮಾಳಿಗೆ ಹತ್ತಿ ಕೂತರೆ ಕಿರಣ್ ವಿಮಾನಗಳು ಒಂದರ ರೆಕ್ಕೆಗೆ ಒಂದು ತಾಗೋ ಹಂಗ ಹೋಗೋದು ಪುಕ್ಕಟೆ ಕಾಣ್ತಿತ್ತು. 2008ರಲ್ಲಿ ತರಬೇತಿಯ ಹಾಕ್ ಜೆಟ್‌ಗಳು ಬಂದವು, 2011ರಲ್ಲಿ ಸೂರ್ಯಕಿರಣ್ ನಿಂತಿತು, ಆಮೇಲೆ ಹಾಕ್ ವಿಮಾನದಲ್ಲೇ ಮತ್ತೆ ಶುರುವಾಯಿತು. ಇವನು ಚಡ್ಡಿ ಹಾಕೋ ವಯಸ್ಸಿನಲ್ಲೇ ಕಣ್ಣು ಮುಚ್ಚಿಕೊಂಡು ಸದ್ದಿನ ಮೇಲೆ ಯಾವ ವಿಮಾನ ಅಂತ ಹೇಳ್ತಿದ್ದ. ದೇಶದ ಎಲ್ಲೆಲ್ಲಿಂದಲೋ ಬಂದ ಹುಡುಗರು ನಮ್ಮ ತಲೆ ಮೇಲೆ ಹಾರೋದು ಕಲಿತು ಹೋಗ್ತಾರೆ. ನಮ್ಮ ಹುಡುಗ ಕತ್ತೆತ್ತಿ ನೋಡಬೇಕು, ಅಷ್ಟೇ. ಇನ್ನು 2020ರಲ್ಲಿ ಶುರುವಾದ ನಮ್ಮ ಬೆಂಗಳೂರು ವಿಮಾನ ಒಮ್ಮೆ ಇರ್ತದೆ, ಒಮ್ಮೆ ಇರಲ್ಲ. ಅದನ್ನ ಯಾರೂ ಹುಚ್ಚು ಅನ್ನಲ್ಲ, ಉಡಾನ್ ಯೋಜನೆ ಅಂತಾರೆ.

ಈಗ ಸರ್ಕಾರದ ಕತೆ. ಇವನು ಕದ್ದುಮುಚ್ಚಿ ಹಾರಬೇಕು ಅಂದವನಲ್ಲ. ನೆಲದ ಮೇಲೆ ಓಡಿಸಿ ನೋಡೋಕೂ ಕಾಗದ ಬೇಕು ಅಂತ ತಾನೇ ಕಚೇರಿಗೆ ಹೋದ. 1934ರ ವಿಮಾನ ಕಾಯ್ದೆ ಹೋಗಿ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ, 2025ರ ಜನವರಿ 1ರಿಂದ ಜಾರಿ ಅಂತ ನನಗೆ ಹೇಳಿದವನೇ ಇವನು. ಪ್ರಿಂಟ್ ತೆಗೆಸಿ, ಹಳದಿ ಪೆನ್ನಿನಲ್ಲಿ ಗೀಟು ಹಾಕಿ ಇಟ್ಟುಕೊಂಡಿದಾನೆ. ಮೊದಲ ಕಚೇರಿಯಲ್ಲಿ ಟೇಬಲ್ಲಿನವರು ಅರ್ಜಿ ಓದಿ ಪಕ್ಕದವರಿಗೆ ಕೊಟ್ಟರು. ಅವರು ಓದಿ ಚಹಾ ತಂದ ಹುಡುಗನಿಗೂ ತೋರಿಸಿದರು. ಮೂರೂ ಮಂದಿ ನಕ್ಕರು. "ಇದು ನಮ್ಮಲ್ಲಿ ಬರಲ್ಲ." ಎರಡನೇ ಕಚೇರಿ, "ಮೇಲಿನವರನ್ನ ಕೇಳು." ಮೇಲಿನವರು, "ಕೆಳಗಿಂದ ಬರಲಿ." ಮಾಹಿತಿ ಹಕ್ಕಿನಲ್ಲಿ ಕೇಳಿದ. 6(3)ನೇ ಕಲಂ ಪ್ರಕಾರ ನಿಮ್ಮ ಅರ್ಜಿಯನ್ನು ಬೇರೆ ಕಚೇರಿಗೆ ವರ್ಗಾಯಿಸಲಾಗಿದೆ ಅಂತ ಒಂದು ಪತ್ರ ಬಂತು. ಅವನ ಫೈಲಿನಲ್ಲಿರೋ ಒಂದೇ ಸರ್ಕಾರಿ ಉತ್ತರ ಅದು. ಪ್ಲಾಸ್ಟಿಕ್ ಹಾಕಿಸಿ ಇಟ್ಟಿದಾನೆ.

ಆಮೇಲೆ ಒಂದು ದಿನ ಸರ್ಕಾರಿ ಜೀಪು ಬಂತು. ನೋಟಿಸು ಇಲ್ಲ, ಪಂಚನಾಮೆ ಇಲ್ಲ. "ಬಿಚ್ಚಿ ಇಡಪ್ಪ ಇದನ್ನ, ನಾಳೆ ನಮ್ಮ ತಲಿಗೆ ಬರ್ತದ" ಅಂದು, ವಿಮಾನದ ಮುಂದೆ ನಿಂತು ಒಂದು ಸೆಲ್ಫಿ ತಗೊಂಡು ಹೋದರು. "ಬಿಚ್ಚಿಡ್ತೀನ್ರಿ ಸಾಹೇಬ್ರೆ, ಬಿಚ್ಚಿಡು ಅಂತ ಬರೆದು ಕೊಡ್ರಿ" ಅಂತ ಇವನು ಕೈ ಮುಗಿದು ಕೇಳಿದ. "ಭಾಳ ಕಾನೂನು ಮಾತಾಡ್ತಿ ಏನಲೇ?" ಬಿಚ್ಚಿಟ್ಟ. ರೆಕ್ಕೆಗಳು ಈಗ ಕೊಟ್ಟಿಗೆಯಲ್ಲಿ ತೊಗರಿ ಚೀಲದ ಮೇಲೆ ತಾಡಪತ್ರಿ ಹೊದ್ದು ಮಲಗಿವೆ.

ಬರೆದು ಕೊಡ್ರಿ ಅಂದ ಅಷ್ಟೇ. ಅದಕ್ಕೇ ಉರಿಯೋದು ನನಗೆ. ಆಗಲ್ಲ ಅಂತಾದರೂ ಬರೆದು ಕೊಡಿ. ಯಾವ ಕಲಂ, ಯಾಕೆ, ಯಾರ ಸಹಿ. ಒಂದು ಕಾಗದ ಇದ್ದರೆ ಅಪೀಲು ಮಾಡಬಹುದು, ತಪ್ಪಿದ್ದರೆ ತಿದ್ದಬಹುದು, ಇಲ್ಲವೇ ಇದು ಮುಗಿದ ಕತೆ ಅಂತ ಪೈಪು ಮಾರಿ ಪಾಟ್ಲಿ ಬಿಡಿಸಬಹುದು. ನಗುವಿನ ಮೇಲೆ ಎಲ್ಲಿ ಅಪೀಲು ಹಾಕಬೇಕು?

ರೈಟ್ ಸಹೋದರರ ಹೆಸರು ಹೇಳಿದರೆ "ಎಲ್ಲಿಯ ರೈಟ್, ಎಲ್ಲಿಯ ಭಾಲ್ಕಿ" ಅಂತೀರಿ. ಆದರೂ ಹೇಳ್ತೀನಿ. ಸೈಕಲ್ ಅಂಗಡಿಯವರು. ಅದೇ ಹೊತ್ತಿಗೆ ಅಮೆರಿಕದ ಸೇನೆ 50 ಸಾವಿರ ಡಾಲರ್ ಕೊಟ್ಟಿದ್ದ ಲ್ಯಾಂಗ್ಲಿ ಅನ್ನೋ ದೊಡ್ಡ ವಿಜ್ಞಾನಿಯ ವಿಮಾನ 1903ರ ಡಿಸೆಂಬರ್ 8ರಂದು ನದಿಗೆ ಬಿತ್ತು. ಒಂಬತ್ತು ದಿನ ಬಿಟ್ಟು ಸೈಕಲ್ ಅಂಗಡಿಯವರು 12 ಸೆಕೆಂಡ್, 120 ಅಡಿ ಹಾರಿದರು. ಅವರೂ 1905ರಲ್ಲಿ ತಮ್ಮ ಸರ್ಕಾರಕ್ಕೆ ಪತ್ರ ಬರೆದರು. ಬೇಡ ಅಂತ ಉತ್ತರ ಬಂತು. ಕೇಳಿದ್ದನ್ನ ಸರಿಯಾಗಿ ಓದದೇ ಕೊಟ್ಟ ಒಣ ಉತ್ತರ, ಆದರೂ ಲಿಖಿತ ಉತ್ತರ! ನನಗೆ ಆ "ಬೇಡ"ದ ಮೇಲೂ ಆಸೆ.

ನಮ್ಮ ದೇಶದ್ದೇ ಬೇಕಂದ್ರೆ ಮುಂಬೈನ ಅಮೋಲ್ ಯಾದವ್. ಮನೆಯ ಮಾಳಿಗೆ ಮೇಲೆ ವರ್ಷಗಟ್ಟಲೆ ಕೂತು ಆರು ಸೀಟಿನ ವಿಮಾನ ಕಟ್ಟಿದವರು. 2016ರಲ್ಲಿ ಮುಂಬೈನ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನ ಇಟ್ಟರು, ನೋಂದಣಿ ಸಿಕ್ಕಿದ್ದು 2017ರಲ್ಲಿ, ಅದೂ ಮುಖ್ಯಮಂತ್ರಿ, ಪ್ರಧಾನಿ ತನಕ ಮಾತು ಹೋದ ಮೇಲೆ. ನೋಂದಣಿ ಅಕ್ಷರ ವಿಟಿ-ಎನ್‌ಎಂಡಿ. ಎನ್‌ಎಂ ಅಂದ್ರೆ ನರೇಂದ್ರ ಮೋದಿ, ಡಿ ಅಂದ್ರೆ ಆಗಿನ ಮಹಾರಾಷ್ಟ್ರ ಮುಖ್ಯಮಂತ್ರಿ ದೇವೇಂದ್ರ ಫಡ್ನವಿಸ್. ನಮ್ಮವನದೂ ಅಡ್ಡಿಯಿಲ್ಲ, ಯಾರ ಹೆಸರು ಬೇಕೋ ಹೇಳಿ ಕಳಿಸಲಿ, ಬಣ್ಣದ ಡಬ್ಬಿ ರೆಡಿ ಇದೆ. ಆ ಯಾದವ್ ಅವರ ವಿಡಿಯೋವನ್ನ ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ "ಭಾರತೀಯರ ತಾಕತ್ತು" ಅಂತ ಕೈಮುಗಿದ ಚಿತ್ರ ಸಮೇತ ಹಾಕಿದವರು ಯಾರು? ಪಂಗತಿಯಲ್ಲಿ ಪೈಲಟ್ ಸಾಹೇಬ್ರೆ ಅಂದವರೇ. ಮುಂಬೈನವನು ತಾಕತ್ತು, ಎದುರಿಗೆ ಹುಗ್ಗಿ ಉಣ್ಣುವವನು ಹುಚ್ಚ.

ಈಗ ಕೆಲವರು ಶುರು ಮಾಡ್ತೀರಿ, ಗೊತ್ತು. ಬಿದ್ದರೆ? ಯಾರ ಮನೆ ಮೇಲಾದರೂ ಬಿದ್ದರೆ? ಹತ್ತಿರದಲ್ಲೇ ವಾಯುನೆಲೆ ಇದೆ, ದೇಶದ ಭದ್ರತೆ ಏನಾಗಬೇಕು? ಅಮೋಲ್ ಯಾದವ್ ಪೈಲಟ್, ಇವನು ವೆಲ್ಡರ್. ಎಲ್ಲ ಸರಿ ಸ್ವಾಮಿ. ಅದಕ್ಕೇ ಅಲ್ವಾ ತಪಾಸಣೆ ಅನ್ನೋದು ಇರೋದು? ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪ್ರತ್ಯೇಕ ದರ್ಜೆಯೇ ಇದೆ, ಅರ್ಧಕ್ಕಿಂತ ಹೆಚ್ಚು ಕೆಲಸ ಕಟ್ಟಿದವನದೇ ಆಗಿರಬೇಕು, ಇನ್‌ಸ್ಪೆಕ್ಟರ್ ಬಂದು ನೋಡ್ತಾನೆ, ಎಲ್ಲಿ ಹಾರಬೇಕು ಎಲ್ಲಿ ಹಾರಬಾರದು ಅಂತ ಬರೆದು ಕೊಡ್ತಾನೆ. ಬಂದು ನೋಡಿ, ವೆಲ್ಡಿಂಗ್ ಕಚ್ಚಾ ಇದೆ ಅನ್ನಿ, ಎಂಜಿನ್ ನಡೆಯಲ್ಲ ಅನ್ನಿ, ಬೀದರ್ ಬಿಟ್ಟು ನೂರು ಕಿಲೋಮೀಟರ್ ಆಚೆ ಒಯ್ಯಿ ಅನ್ನಿ. ಒಯ್ತಾನೆ. ಟ್ರಾಲಿ ಅವನದೇ ಇದೆ. ಸೆಲ್ಫಿ ತಗೊಂಡವರು ಒಂದು ನಟ್ಟು ಮುಟ್ಟಿ ನೋಡಲಿಲ್ಲ. ಭದ್ರತೆಯ ಚಿಂತೆ ಅಷ್ಟಿತ್ತು.

ಇನ್ನೊಂದು ವಿಷಯ. ಹೇಳಬಾರದು ಅಂತಿದ್ದೆ, ಇಷ್ಟು ಬರೆದ ಮೇಲೆ ಮುಚ್ಚಿಡೋದೇನು. ಸೊಸೈಟಿಯಲ್ಲಿ ಅವನ ಸಾಲಕ್ಕೆ ಜಾಮೀನು ಬಿದ್ದವನು ನಾನೇ. ಮನೆಯಲ್ಲಿ ಗೊತ್ತಿಲ್ಲ. ಅಂದ್ರೆ ಈ ಸಾಲು ಓದೋ ತನಕ ಗೊತ್ತಿರಲಿಲ್ಲ. ಅಲ್ಲಿನ ಅರ್ಜಿಯಲ್ಲಿ ಸಾಲದ ಉದ್ದೇಶ ಅಂತ ಒಂದು ಕಾಲಂ ಇರ್ತದೆ. ಎಮ್ಮೆ ಅಂತ ಬರಿ, ಬೋರ್‌ವೆಲ್ ಅಂತ ಬರಿ, ಲಗೂನ ಪಾಸಾಗ್ತದ ಅಂತ ಅಲ್ಲಿನವರೇ ಹೇಳಿಕೊಟ್ಟರು. ಇವನು ಕೇಳಲಿಲ್ಲ, ವಿಮಾನದ ಬಿಡಿಭಾಗ ಅಂತಲೇ ಬರೆದ. ಅರ್ಜಿ ವಾಪಸ್ ಬಂತು. ಎರಡನೇ ಸಲ "ವೆಲ್ಡಿಂಗ್ ಸಾಮಾನು" ಅಂತ ನನ್ನ ಕೈಯಿಂದಲೇ ತುಂಬಿಸಿ ಸಹಿ ಹಾಕಿದೆ. ಪೈಪು ವೆಲ್ಡಿಂಗ್ ಸಾಮಾನಲ್ಲದೆ ಮತ್ತೇನು? ಕಂತು ಒಂದೂ ತಪ್ಪಿಲ್ಲ, ಬೇಕಾದರೆ ಪಾಸ್‌ಬುಕ್ ನೋಡಲಿ. ಬೋರಿನವರದು ಎಷ್ಟು ತಪ್ಪಿವೆ ಅಂತ ಅದೇ ಸೊಸೈಟಿಯಲ್ಲಿ ಕೇಳಿ ಬನ್ನಿ.

ಕೆಲಸದ ಮಾತು ಒಂದಿದೆ. ಕೊಟ್ಟಿಗೆಯಲ್ಲಿ ಇಲಿ ಕಾಟ ಶುರುವಾಗಿದೆ, ಎಡಗಡೆ ರೆಕ್ಕೆಯ ಬಟ್ಟೆ ಅಂಗೈ ಅಗಲ ತಿಂದಿವೆ. ಮಳೆಗಾಲದ ಮೊದಲೇ ಎತ್ತಬೇಕು. ಭಾಲ್ಕಿ, ಔರಾದ್, ಹುಮನಾಬಾದ್ ಕಡೆ ಯಾರದಾದರೂ ಸೋರದ ಪತ್ರಾಸ್ ಶೆಡ್ ಖಾಲಿ ಇದ್ದರೆ ಇನ್‌ಬಾಕ್ಸ್ ಮಾಡಿ. ಉದ್ದ ಹದಿನೈದು ಅಡಿ ಇದ್ದರೆ ಸಾಕು, ಎರಡೂ ರೆಕ್ಕೆ ಬೇರೆ ಬೇರೆ ಇವೆ. ಮೊದಲ ತಿಂಗಳ ಬಾಡಿಗೆ ನಾನು ಕೊಡ್ತೀನಿ. ಹುಚ್ಚ ಅಂತ ಕಾಮೆಂಟ್ ಹಾಕೋರು ಹಾಕಿ, ಆದರೆ ನೀವು ಎಷ್ಟು ಬೋರು ಹೊಡೆಸಿದೀರಿ, ಎಷ್ಟರಲ್ಲಿ ನೀರು ಬಿತ್ತು ಅನ್ನೋದನ್ನೂ ಅದರ ಕೆಳಗೇ ಬರೀರಿ.