ಅದು ಗೊತ್ತು ಬಿಡು

ನಮ್ಮ ಸೋದರತ್ತೆಗೆ 62ನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯುವ ಹುಕಿ ಬಂದಿದೆ. ಮೇಷ್ಟ್ರು ನಾನೇ. ಮೊದಲ ವಾರ ಈ ಕೆಲಸ ನನಗೆ ಬಹಳ ಹಿಡಿಸಿತು. ಆಕ್ಸಿಜನ್ ಅಂದರೆ ಆಮ್ಲಜನಕ. ಟ್ರಯಾಂಗಲ್ ಅಂದರೆ ತ್ರಿಕೋನ. ಒಂದು ಪದ, ಒಂದು ಅರ್ಥ, ಮುಗೀತು. ದೊಡ್ಡ ದೊಡ್ಡ ಪದಗಳೆಲ್ಲ ಸಾಧು ಹಸುವಿನ ಹಾಗೆ ಹಗ್ಗ ಹಾಕಿಸಿಕೊಂಡು ನಿಂತವು. ಅತ್ತೆ ಉದ್ದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆದುಕೊಳ್ಳುತ್ತಿದ್ದರು. ನಾನು ಒಳ್ಳೇ ಮೇಷ್ಟ್ರು ಅಂತ ನನಗೇ ಅನ್ನಿಸತೊಡಗಿತ್ತು.

ಎರಡನೇ ವಾರ 'ಗೆಟ್' ಬಂತು.

"ಇದಕ್ಕೇನೋ ಅರ್ಥ?"

"ಪಡೆಯೋದು, ಅತ್ತೆ."

ಬರೆದುಕೊಂಡರು. ಮರುದಿನ ಅದೇ ಪುಟ ತೆಗೆದು ನನ್ನ ಮುಂದೆ ಹಿಡಿದರು. "ಹಾಗಾದ್ರೆ ಗೆಟ್ ಅಪ್ ಅಂದ್ರೆ ಮೇಲೆ ಪಡೆಯೋದಾ?"

ಅಲ್ಲ, ಏಳೋದು. ಗೆಟ್ ಆನ್ ಅಂದರೆ ಬಸ್ಸು ಹತ್ತೋದು. ಗೆಟ್ ಓಲ್ಡ್ ಅಂದರೆ ವಯಸ್ಸಾಗೋದು. ಐ ಗೆಟ್ ಇಟ್ ಅಂದರೆ ನನಗೆ ಅರ್ಥ ಆಯಿತು ಅಂತ. ಇನ್ನು ಗೆಟ್ ಔಟ್ ಅಂದರೆ...

"ಅದು ಗೊತ್ತು ಬಿಡು," ಅಂದರು ಅತ್ತೆ. ಅಷ್ಟು ಹೊತ್ತಿಗೆ ಬಲಗಡೆ ಜಾಗವೂ ಮುಗಿದಿತ್ತು.

ಸುಮ್ನೆ ನನ್ನ ಸಮಾಧಾನಕ್ಕೆ, ನನಗಿಂತ ದೊಡ್ಡವರ ಪಾಡು ಏನಾಗಿತ್ತು ಅಂತ ನೋಡಿದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದವರು. 40 ಸಾವಿರಕ್ಕೂ ಹೆಚ್ಚು ಪದಗಳಿಗೆ ಅರ್ಥ ಬರೆದ ಮನುಷ್ಯ. ಅದರ ಮುನ್ನುಡಿಯಲ್ಲಿ ಅವರ ಗೋಳು ಓದಬೇಕು. ಗೆಟ್, ಪುಟ್, ಟೇಕ್, ಗೋ, ರನ್ ಥರದ ಕ್ರಿಯಾಪದಗಳಿಂದ ತಮ್ಮ ಕೆಲಸ ಬಹಳ ಹೆಚ್ಚಿತು, ಅವುಗಳ ಅರ್ಥ ಅಷ್ಟು ಸಡಿಲ ಅಂತ ಹೇಳಿಕೊಂಡಿದ್ದಾರೆ. ಇನ್ನೊಂದು ಮಾತೂ ಅಲ್ಲೇ ಇದೆ. ಒಂದು ಪದವನ್ನು ಬಿಡಿಸಿ ಹೇಳಲು ಅದಕ್ಕಿಂತ ಸುಲಭದ ಪದ ಬೇಕು, ಆದರೆ ಅದು ಯಾವಾಗಲೂ ಸಿಗುವುದಿಲ್ಲ. ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅವರದೇ ನಿಘಂಟಿನ 'ನೆಟ್‌ವರ್ಕ್' ಸಾಕ್ಷಿ. ಬಲೆಯಂಥ ಹೆಣಿಗೆಯನ್ನು ವಿವರಿಸಲು ರೆಟಿಕ್ಯುಲೇಟೆಡ್, ಡೆಕಸೇಟೆಡ್ ಅಂತೆಲ್ಲ ಬರೆದಿದ್ದಾರೆ. ಅತ್ತೆಗೆ ಇದನ್ನು ತೋರಿಸಲಿಲ್ಲ.

ಸಿ. ಕೆ. ಆಗ್ಡೆನ್ ಅನ್ನುವವರು 1930ರಲ್ಲಿ ಬರೀ 850 ಪದಗಳ 'ಬೇಸಿಕ್ ಇಂಗ್ಲಿಷ್' ಕಟ್ಟಿದರು. ಅದರಲ್ಲಿ ಕ್ರಿಯಾಪದ 18 ಅಷ್ಟೇ. ಎಷ್ಟು ಹಗುರ, ಅಲ್ವಾ? ಆದರೆ ಆ 18ರಲ್ಲಿ ಗೆಟ್, ಪುಟ್, ಟೇಕ್, ಗೋ ಎಲ್ಲವೂ ಇವೆ! 'ಎಂಟರ್' ಇಲ್ಲ. ಅದರ ಬದಲು 'ಗೋ ಇನ್' ಅನ್ನಬೇಕು. ದೊಡ್ಡವರನ್ನೆಲ್ಲ ಮನೆಗೆ ಕಳಿಸಿ, ಅವರ ಕೆಲಸವನ್ನೂ ಚಿಕ್ಕವರ ತಲೆಗೆ ಕಟ್ಟಿದ ಹಾಗಾಯಿತು.

ಅಂತೂ ಗೆಟ್ ಹೇಗೋ ದಾಟಿತು. ಗಾಡಿ ಸಿಕ್ಕಿಹಾಕಿಕೊಂಡಿದ್ದು 'ಆಫ್' ಹತ್ತಿರ.

"ದಿ ಲೈಟ್ ವೆಂಟ್ ಆಫ್ ಅಂದ್ರೆ ದೀಪ ಆರಿತು. ಸರಿ ತಾನೆ?"

"ಸರಿ."

"ದಿ ಅಲಾರಂ ವೆಂಟ್ ಆಫ್ ಅಂದ್ರೆ ಅಲಾರಂ ನಿಂತಿತು."

"ಇಲ್ಲ ಅತ್ತೆ, ಹೊಡ್ಕೊಳ್ತು."

ಅತ್ತೆ ಪೆನ್ನಿಗೆ ಮುಚ್ಚಳ ಹಾಕಿದರು. "ಒಂದೇ ಮಾತು. ಒಂದು ಕಡೆ ನಿಲ್ಲುತ್ತೆ, ಇನ್ನೊಂದು ಕಡೆ ಶುರುವಾಗುತ್ತೆ. ಇದೆಂಥ ಭಾಷೆನೋ?"

ನಾನೂ ಬಿಡಲಿಲ್ಲ. ಆಫ್ ಅಂದರೆ ಇದ್ದ ಜಾಗದಿಂದ ಕಳಚಿಕೊಳ್ಳೋದು ಅಂದೆ. ವಿಮಾನ ನೆಲದಿಂದ ಕಳಚಿಕೊಂಡರೆ ಟೇಕ್ ಆಫ್. ಮೈಮೇಲಿನ ಅಂಗಿ ಕಳಚಿದರೂ ಟೇಕ್ ಆಫ್. ಕೆಲಸದಿಂದ ಒಂದು ದಿನ ಕಳಚಿಕೊಂಡರೆ ಡೇ ಆಫ್. ಒಂದೇ ಎಫ್ ಇರುವ 'ಆಫ್' ಕೂಡ ಹಿಂದೆ ಇದೇ ಪದ ಆಗಿತ್ತು, ಸ್ಪೆಲಿಂಗ್ ಬೇರೆಯಾಗಿದ್ದು ಆಮೇಲೆ ಅಂತ ಕೇಳದ ವಿಷಯವನ್ನೂ ಹೇಳಿದೆ. ಮೇಷ್ಟ್ರುಗಳ ಚಟ ಅದು. ಅಲಾರಂ ವಿಷಯಕ್ಕೆ ಬಂದಾಗ ತಡವರಿಸಿದೆ. ಬಿಲ್ಲಿನಲ್ಲಿ ಎಳೆದು ಹಿಡಿದ ಬಾಣ ಇರುತ್ತಲ್ಲ, ಹಾಗೆ ತಡೆದಿಟ್ಟಿದ್ದು ಹೊರಟಿತು ಅಂದುಕೊಳ್ಳಿ ಅಂದೆ.

"ಬಾಣ ಬಿಟ್ಟ ಹಾಗೆ?"

"ಹ್ಞೂಂ."

"ಅಷ್ಟೇನಾ? ನಮ್ಮ 'ಬಿಡು' ಕಣೋ ಇದು!"

ನಾನು ಬಾಯಿ ತೆರೆದು ಹಾಗೇ ಮುಚ್ಚಿಕೊಂಡೆ. ಚಪ್ಪಲಿ ಬಿಡು ಅಂದರೆ ಕಳಚು. ಮಳೆ ಬಿಟ್ಟಿತು ಅಂದರೆ ನಿಂತಿತು. ಕಾಲುವೆಗೆ ನೀರು ಬಿಟ್ಟರು ಅಂದರೆ ಹರಿಯಲು ಶುರುವಾಯಿತು. ಸಿಗರೇಟು ಬಿಟ್ಟವನ ಹತ್ತಿರ ಸಿಗರೇಟು ಇಲ್ಲ, ಗಡ್ಡ ಬಿಟ್ಟವನ ಹತ್ತಿರ ಗಡ್ಡ ಇದೆ. ಗಿಡ ಹೂ ಬಿಟ್ಟರೆ ಗಿಡದಲ್ಲಿ ಹೂ ಇರುತ್ತದೆ, ಹಕ್ಕಿ ಗೂಡು ಬಿಟ್ಟರೆ ಗೂಡಿನಲ್ಲಿ ಹಕ್ಕಿ ಇರುವುದಿಲ್ಲ. ಇದು ಸಾಲದು ಅಂತ ಹೇಳಿಬಿಟ್ಟೆ, ಬಂದುಬಿಟ್ಟ ಬೇರೆ. ಅದರ ಮೇಲೆ ಅತ್ತೆ ಅವತ್ತು ಹೇಳಿದ 'ಅದು ಗೊತ್ತು ಬಿಡು'. ಕನ್ನಡ ಕಲಿಯುವವರು ಯಾರಾದರೂ ಬಂದು ಆ ಕೊನೇ 'ಬಿಡು'ವಿಗೆ ಅರ್ಥ ಕೇಳಿದರೆ ಏನು ಹೇಳಲಿ? ಗೊತ್ತಿರೋದನ್ನು ಕೈಬಿಡು ಅಂತಲೇ? ಮಾತು ಬಂದಾಗಿನಿಂದ ಬಳಸುತ್ತಿದ್ದೇನೆ, ಒಂದು ದಿನವೂ ಅದರ ಮುಖ ನೋಡಿರಲಿಲ್ಲ.

ಅತ್ತೆ ಮತ್ತೆ ಪೆನ್ನಿನ ಮುಚ್ಚಳ ತೆಗೆದರು. ಎಡಕ್ಕೆ ಆಫ್, ಬಲಕ್ಕೆ ಬಿಡು ಅಂತ ದಪ್ಪಗೆ ಬರೆದು, ಕೆಳಗೆ ಎರಡು ಗೆರೆ ಎಳೆದರು. ಎಲ್ಲಾ ಕಡೆ ಇದು ನಡೆಯಲ್ಲ ಅತ್ತೆ ಅಂತ ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ರಾತ್ರಿ ಮಲಗುವ ಹೊತ್ತಿಗೆ ಫೋನ್ ಬಂತು.

"ಲೋ, ಆಫ್ ಕೋರ್ಸ್ ಅಂದ್ರೆ ಕೋರ್ಸ್ ಬಿಡೋದಾ?"