ಜೀನ್ ಚಿಕಿತ್ಸೆಯ ರೇಟಿನ ಬಗ್ಗೆ ಯಾಕೆ ಯಾರೂ ಜಗಳ ಮಾಡುವುದಿಲ್ಲ?

ಜೀವಕೋಶದ ಜೀನ್ ತಿದ್ದಿ ಇಲ್ಲವೇ ಹೊಸದು ಸೇರಿಸಿ ಕಾಯಿಲೆ ವಾಸಿ ಮಾಡುವ ಜೀನ್ ಚಿಕಿತ್ಸೆ ಅಂತ ಹೇಳಿದ್ರೆ ಸಾಕು, ನಮ್ಮ ಕಡೆ ಮಾತು ಸೀದಾ ಕ್ಲೋನಿಂಗಿಗೆ ಹೋಗ್ತದೆ, ಅಲ್ಲಿಂದ ದೇವರ ಸೃಷ್ಟಿಗೆ ಕೈ ಹಾಕಬಾರದು ಅನ್ನುವಲ್ಲಿಗೆ ಬಂದು ನಿಲ್ತದೆ. ನನ್ನ ಅಕ್ಕನ ಮಗನಿಗೆ ಥಲಸ್ಸೀಮಿಯಾ ಮೇಜರ್ ಉಂಟು ಮಾರಾಯ್ರೆ, ಹುಟ್ಟಿನಿಂದಲೇ ಮೈಯಲ್ಲಿ ಸರಿಯಾದ ರಕ್ತ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ಮಂಗಳೂರಿಗೆ ಕರ್ಕೊಂಡು ಬಂದು ರಕ್ತ ಹಾಕಿಸ್ಬೇಕು, ಹಾಗೆ ಹಾಕಿದ ರಕ್ತದಿಂದ ಮೈಯಲ್ಲಿ ಕಬ್ಬಿಣದ ಅಂಶ ಸೇರಿ ಹಾರ್ಟ್, ಲಿವರ್ ಹಾಳಾಗ್ತದೆ ಅಂತ ಅದನ್ನ ಇಳಿಸ್ಲಿಕ್ಕೆ ದಿನಾ ಬೇರೆ ಮಾತ್ರೆ. ಏಪ್ರಿಲ್ ಮೇ ಬಂತಂದ್ರೆ ಕಾಲೇಜಿಗೆ ರಜೆ, ರಕ್ತದಾನ ಶಿಬಿರ ಕಮ್ಮಿ, ಆಗ ಅಕ್ಕ ಭಾವ ಫೋನ್ ಹಿಡ್ಕೊಂಡು ಡೋನರ್ ಹುಡುಕುವುದನ್ನ ನೋಡಿದವರಿಗೆ ಈ ಚಿಕಿತ್ಸೆ ಪಟ್ಟಾಂಗದ ವಿಷಯ ಆಗ್ಲಿಕ್ಕೆ ಸಾಧ್ಯ ಇಲ್ಲ.

ಕ್ಲೋನಿಂಗ್ ವಿಷಯ ಮೊದಲು ಮುಗಿಸ್ತೇನೆ. ಒಂದು ಪ್ರಾಣಿಯ ಜೀವಕೋಶದ ನ್ಯೂಕ್ಲಿಯಸನ್ನ, ಅಂದ್ರೆ ಜೀನ್ ಇರುವ ನಡುವಿನ ಭಾಗವನ್ನ, ಖಾಲಿ ಮಾಡಿದ ಅಂಡದೊಳಗೆ ಇಟ್ಟು ಅದೇ ಜೀನಿನ ಇನ್ನೊಂದು ಮರಿ ಹುಟ್ಟಿಸುವುದು, ಅಷ್ಟೇ. 1996ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 277 ಅಂಡಗಳಲ್ಲಿ ಪ್ರಯತ್ನ ಮಾಡಿ ಹುಟ್ಟಿದ್ದು ಡಾಲಿ ಕುರಿ ಒಂದೇ. ನಮ್ಮ ದೇಶದ್ದೇ, ಹರಿಯಾಣದ ಕರ್ನಾಲದ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆ ಎನ್‌ಡಿಆರ್‌ಐಯಲ್ಲಿ 2009ರಲ್ಲಿ ಕ್ಲೋನ್ ಮಾಡಿದ ಮೊದಲ ಎಮ್ಮೆ ಕರು ಕೆಲವೇ ದಿನದಲ್ಲಿ ಸತ್ತಿತು, ಆಮೇಲೆ ಗರಿಮಾ ಅನ್ನುವ ಇನ್ನೊಂದು ಕರು ಹುಟ್ಟಿತು. ಕಂಬಳದಲ್ಲಿ ಮೆಡಲ್ ಹೊಡೆದ ಕೋಣವನ್ನೂ ಹೀಗೆ ಮಾಡಿಸ್ಬಹುದಲ್ವ ಅಂತ ಕೇಳುವವರಿದ್ದಾರೆ. ಜೀನ್ ಬರ್ತದೆ, ಆದ್ರೆ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ಸಾಕಿದ ಆರೈಕೆ, ಓಡಿಸುವವನ ಜತೆಗಿನ ಪಳಗಿಕೆ ಎಲ್ಲಿಂದ ಬರಬೇಕು? ಇಷ್ಟು ಸಲ ಸೋಲುವ, ಮರಿ ಸಾಯುವ ಕೆಲಸವನ್ನ ಮನುಷ್ಯರ ಮೇಲೆ ಮಾಡ್ಲೇಬಾರದು, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಿಯಮದಲ್ಲೂ ಅದಕ್ಕೆ ನಿಷೇಧ ಉಂಟು.

ನನ್ನ ಅಳಿಯನಿಗೆ ಬೇಕಾದ ಚಿಕಿತ್ಸೆ ಪೂರ್ತಿ ಬೇರೆಯೇ. ಮಗು ಹೊಟ್ಟೆಯಲ್ಲಿರುವಾಗ ಅದರ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹಿಮೋಗ್ಲೋಬಿನ್ ಬೇರೆ ನಮೂನೆಯದ್ದು ಇರ್ತದೆ, ಹುಟ್ಟಿದ ಮೇಲೆ ಬಿಸಿಎಲ್11ಎ ಅನ್ನುವ ಒಂದು ಜೀನ್ ಅದನ್ನ ಬಂದ್ ಮಾಡಿಸ್ತದೆ. ಥಲಸ್ಸೀಮಿಯಾ ಇರುವ ಮಕ್ಕಳಿಗೆ ದೊಡ್ಡವರ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗುವುದಿಲ್ಲ, ಹುಟ್ಟುವ ಮೊದಲಿನದ್ದು ಮಾತ್ರ ಸರಿಯೇ ಇತ್ತು. ಹಾಗಾಗಿ ರೋಗಿಯದ್ದೇ ಸ್ಟೆಮ್ ಸೆಲ್, ಅಂದ್ರೆ ರಕ್ತ ತಯಾರಿಸುವ ಮೂಲ ಕೋಶ, ಹೊರಗೆ ತೆಗ್ದು, ಜೀನ್ ಕತ್ತರಿಸುವ ಕ್ರಿಸ್ಪರ್ ಅನ್ನುವ ತಂತ್ರ ಉಪಯೋಗಿಸಿ ರಕ್ತದ ಕೋಶದಲ್ಲಿ ಆ ಬಿಸಿಎಲ್11ಎಯ ಕೆಲಸ ನಿಲ್ಲಿಸಿ, ವಾಪಸ್ ಮೈಗೆ ಹಾಕಿದ್ರೆ ಹಳೇ ಹಿಮೋಗ್ಲೋಬಿನ್ ಪುನಃ ಶುರುವಾಗ್ತದೆ! ಇದರ ಹೆಸರು ಕ್ಯಾಸ್ಜೆವಿ, 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಆಮೇಲೆ ಅಮೆರಿಕ, 12 ವರ್ಷ ಮೇಲ್ಪಟ್ಟವರಿಗೆ. ಸುಲಭದ್ದು ಅಂತ ನಾನು ಹೇಳುವುದಿಲ್ಲ, ಹೊಸ ಕೋಶಕ್ಕೆ ಜಾಗ ಮಾಡ್ಲಿಕ್ಕೆ ಜೋರು ಕೀಮೋ ಕೊಡ್ತಾರೆ, ಮುಂದೆ ಮಕ್ಕಳಾಗದಿರುವ ರಿಸ್ಕ್ ಉಂಟು. 1999ರಲ್ಲಿ ಜೆಸ್ಸಿ ಗೆಲ್ಸಿಂಗರ್ ಅನ್ನುವ 18 ವರ್ಷದ ಹುಡುಗ ಅಮೆರಿಕದಲ್ಲಿ ಬೇರೊಂದು ಜೀನ್ ಚಿಕಿತ್ಸೆಯ ಪ್ರಯೋಗದಲ್ಲೇ ತೀರಿಹೋದ, ಅದನ್ನ ಯಾವ ಡಾಕ್ಟ್ರೂ ಮರೀಬಾರದು.

ಆದ್ರೆ ಹೀಗೆ ಮಾಡಿದ ಬದಲಾವಣೆ ಆ ರೋಗಿಯ ರಕ್ತದಲ್ಲೇ ನಿಲ್ತದೆ, ಅವನ ಮಕ್ಕಳಿಗೆ ಹೋಗುವುದಿಲ್ಲ. 2018ರಲ್ಲಿ ಚೀನಾದ ವಿಜ್ಞಾನಿ ಹ ಜಿಯಾನ್‌ಕುಯಿ ಭ್ರೂಣದಲ್ಲೇ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳನ್ನ ಹುಟ್ಟಿಸಿದ್ದು ಬೇರೆಯೇ ಕತೆ, ಆ ಮಕ್ಕಳನ್ನ ಯಾರೂ ಕೇಳ್ಲಿಲ್ಲ, ಅವರ ಮುಂದಿನ ಪೀಳಿಗೆಯನ್ನೂ ಕೇಳ್ಲಿಲ್ಲ, ಅವನಿಗೆ ಮೂರು ವರ್ಷ ಜೈಲಾದದ್ದು ಸರಿಯೇ. ಗೆರೆ ಅಲ್ಲಿ ಎಳೀರಿ, ನಾನೂ ನಿಮ್ಮ ಜತೆ ಇದ್ದೇನೆ. ಕಾಯಿಲೆ ಬಿದ್ದ ಹುಡುಗನ ಎದುರು ಎಳೀಬೇಡಿ.

ಈಗ ರೇಟು. ಅಮೆರಿಕದಲ್ಲಿ ಕ್ಯಾಸ್ಜೆವಿಗೆ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮೇಲೆ. ಉಡುಪಿಯಲ್ಲಿ ಅಷ್ಟಮಿಗೆ ರವಿ ಕಟಪಾಡಿಯವರು ಮೈಗೆಲ್ಲ ಬಣ್ಣ ಬಳ್ಕೊಂಡು ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ದುಡ್ಡು ಒಟ್ಟು ಮಾಡಿದ್ರಲ್ಲ, ಕೂಲಿ ಮಾಡುವ ಮನುಷ್ಯ, ವರ್ಷಗಟ್ಟಲೆ ಹಾಗೆ ನಿಂತು ಒಂದು ಕೋಟಿ ದಾಟಿಸಿದ್ದಾರೆ, ಅವರಿಗೆ ಎಷ್ಟು ಕೈ ಮುಗಿದ್ರೂ ಸಾಲದು. ಅಷ್ಟೂ ವರ್ಷದ ದುಡ್ಡು ಇಟ್ರೂ ಒಂದೇ ಒಂದು ಮಗುವಿಗೆ ಈ ಚಿಕಿತ್ಸೆ ಸಿಗುವುದಿಲ್ಲ! ನನಗೆ ಅಧರ್ಮ ಅಂತ ಕಾಣುವುದು ಇದು. ಔಷಧ ಉಂಟು, ಕೆಲಸ ಮಾಡ್ತದೆ, ಹುಡುಗ ಇಲ್ಲೇ ಇದ್ದಾನೆ, ನಡುವೆ ಅಡ್ಡ ನಿಂತಿರುವ ದೊಡ್ಡ ಗೋಡೆ ರೇಟು.

ಆ ರೇಟು ಇಳಿಸ್ಲಿಕ್ಕೆ ಆಗುವುದಿಲ್ಲ ಅಂತ ಹೇಳ್ಬೇಡಿ. ರಕ್ತದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ ಅಮೆರಿಕದಲ್ಲಿ 3 ಕೋಟಿಗೂ ಮೇಲೆ ಆಗ್ತದೆ, ಅದೂ ಕೋಶದ ಜೀನ್ ಬದಲಿಸಿಯೇ ಮಾಡುವುದು, ಅದನ್ನೇ ಐಐಟಿ ಬಾಂಬೆ ಮತ್ತೆ ಟಾಟಾ ಮೆಮೋರಿಯಲ್‌ನವರು ಸೇರಿ ನೆಕ್ಸ್‌ಕಾರ್19 ಅಂತ ಮಾಡಿ 2023ರಲ್ಲಿ ಒಪ್ಪಿಗೆ ತಕ್ಕೊಂಡ್ರು, ರೇಟು ಅರ್ಧ ಕೋಟಿಯ ಒಳಗೆ ಬಂತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಹಿಮೋಫಿಲಿಯಾದ, ಅಂದ್ರೆ ರಕ್ತ ಹೆಪ್ಪುಗಟ್ಟದ ಕಾಯಿಲೆಯ, ಐದು ಜನರಿಗೆ ಜೀನ್ ಚಿಕಿತ್ಸೆ ಕೊಟ್ಟದ್ದರ ಫಲಿತಾಂಶ 2024ರಲ್ಲಿ ಬಂತು, ಐದೂ ಜನರಿಗೆ ರಕ್ತಸ್ರಾವ ನಿಂತಿದೆ. ಇಲ್ಲಿಯವರಿಗೆ ಕೈ ಬರ್ತದೆ ಅಂತ ಇದರಲ್ಲೇ ಗೊತ್ತಾಗ್ತದಲ್ವ.

ಹಾಗಾಗಿ ನಾನು ಕೇಳುವುದು ಇಷ್ಟು: ನಮ್ಮ ತೆರಿಗೆ ದುಡ್ಡಲ್ಲಿ, ನಮ್ಮ ರೋಗಿಗಳ ಮೈಮೇಲೆ ಟ್ರಯಲ್ ಮಾಡಿ ತಯಾರಾಗುವ ಜೀನ್ ಚಿಕಿತ್ಸೆಯನ್ನ ಕಂಪನಿಗೆ ಕೊಡುವ ಮೊದಲೇ ಸರಕಾರ ರೇಟಿಗೆ ಮಿತಿ ಹಾಕಿ ಒಪ್ಪಂದದಲ್ಲಿ ಬರೆಸ್ಬೇಕು, ಆ ಒಪ್ಪಂದವನ್ನ ಎಲ್ಲರಿಗೂ ಓದ್ಲಿಕ್ಕೆ ಸಿಗುವ ಹಾಗೆ ಇಡ್ಬೇಕು. ನಮ್ಮ ಎಂಪಿ, ಎಂಎಲ್‌ಎಗಳು ಓಟು ಕೇಳ್ಲಿಕ್ಕೆ ಬಂದಾಗ ರಸ್ತೆಯ ಜತೆ ಇದನ್ನೂ ಕೇಳಿ.