ಹದಿನಾಲ್ಕೂವರೆ ಗ್ರಾಂ ಪ್ರಾಮಾಣಿಕತೆ

ರಕ್ತಹೀನತೆ ಅಂತ ಸರ್ಕಾರ ಸುಮ್ಮನೆ ತಲೆ ಕೆಡಿಸಿಕೊಂಡಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತ ಸಾಲದು ಎಂದಿತು. ಸಮೀಕ್ಷೆಯವರು ಮನೆಮನೆ ಅಲೆಯುವ ಬದಲು ಬೆಂಗಳೂರಿನ ಮೊದಲ ವರ್ಷದ ಎಂಬಿಬಿಎಸ್ ಮಕ್ಕಳ ಫಿಸಿಯಾಲಜಿ ರೆಕಾರ್ಡು ತರಿಸಿ ನೋಡಿದ್ದರೆ ಸಾಕಿತ್ತು. ಹಿಮೋಗ್ಲೋಬಿನ್ ಹುಡುಗರಿಗೆಲ್ಲ 14.5 ಗ್ರಾಂ, ಹುಡುಗಿಯರಿಗೆಲ್ಲ 13. ದೀಪ ಹಿಡಿದು ಹುಡುಕಿದರೂ ರಕ್ತಹೀನರು ಸಿಗುವುದಿಲ್ಲ.

ಇದೇ ಮಕ್ಕಳಿಗೆ ನೈತಿಕತೆಯ ಪಾಠವೂ ಉಂಟು. 2019ರಲ್ಲಿ ಪಠ್ಯಕ್ರಮ ಬದಲಾದಾಗ ಏಟ್‌ಕಾಮ್ ಎಂಬ ಹೊಸ ಭಾಗ ಸೇರಿತು: ಮನೋಭಾವ, ನೈತಿಕತೆ, ಸಂವಹನ. ಮೊದಲ ವರ್ಷಕ್ಕೆ ಐದು ಮಾಡ್ಯೂಲು. ವೈದ್ಯನಾಗುವುದೆಂದರೇನು, ರೋಗಿಯಾಗುವುದೆಂದರೇನು ಎಂಬಲ್ಲಿಂದ ಶುರುವಾಗಿ ಶವವೇ ಮೊದಲ ಗುರು ಎಂಬಲ್ಲಿಗೆ ಮುಗಿಯುತ್ತದೆ. ಉದ್ದೇಶದಲ್ಲಿ ಕೊಂಕು ತೆಗೆಯುವಂಥದ್ದೇನೂ ಇಲ್ಲ. ನಡೆಯುವ ಬಗೆ ಮಾತ್ರ ಹೀಗೆ: ಊಟ ಮುಗಿದ ಮಧ್ಯಾಹ್ನ, ನೂರೈವತ್ತು ಮಂದಿ ತುಂಬಿದ ಲೆಕ್ಚರ್ ಹಾಲ್, ಒಂದು ಪಿಪಿಟಿ, ಕೊನೆಗೆ ಲಾಗ್‌ಬುಕ್ಕಿನಲ್ಲಿ ‘ರಿಫ್ಲೆಕ್ಷನ್’. ಪಾಠ ಕೇಳಿ ನನಗೇನು ಅನ್ನಿಸಿತು ಎಂದು ಬರೆಯಬೇಕು. ಅನ್ನಿಸಿದ್ದು ಸಂಜೆಯೊಳಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದು ಬೀಳುತ್ತದೆ. ನೂರೈವತ್ತು ಜನಕ್ಕೂ ಒಂದೇ ಅನ್ನಿಸುತ್ತದೆ, ಒಂದೇ ಕಾಗುಣಿತದ ತಪ್ಪಿನ ಸಮೇತ. ಇನ್‌ಸ್ಪೆಕ್ಷನ್ ಹತ್ತಿರ ಬಂತೆಂದರೆ ಬಾಕಿ ಸಹಿಗಳೆಲ್ಲ ಒಂದೇ ಸಲ ಕೂತು, ಒಂದೇ ಪೆನ್ನಿನಲ್ಲಿ, ಬೇರೆ ಬೇರೆ ಹಳೇ ತಾರೀಕಿಗೆ ಬೀಳುತ್ತವೆ. ಈ ವಿದ್ಯಾರ್ಥಿಗೆ ಪ್ರಾಮಾಣಿಕತೆ ಬಂದಿದೆ ಎಂಬುದಕ್ಕೆ ಅದೇ ದಾಖಲೆ.

ನಿಜವಾದ ಪಾಠ ನಡೆಯುವುದು ಲ್ಯಾಬಿನಲ್ಲಿ. ಬಣ್ಣ ಹೋಲಿಸಿ ಹಿಮೋಗ್ಲೋಬಿನ್ ಅಳೆಯುವ ಸಾಹ್ಲಿ ವಿಧಾನವನ್ನೇ ತೆಗೆದುಕೊಳ್ಳಿ. ಕೊಳವೆಯ ಕೆಳಗಿನ ಗುರುತಿನ ತನಕ ಎನ್/10 ಎಂಬ ತೆಳು ಹೈಡ್ರೋಕ್ಲೋರಿಕ್ ಆಮ್ಲ, ಅದಕ್ಕೆ 20 ಮೈಕ್ರೋಲೀಟರ್ ರಕ್ತ, ಆಮೇಲೆ ಹತ್ತು ನಿಮಿಷ ಕಾಯಬೇಕು. ಹಿಮೋಗ್ಲೋಬಿನ್ ಕಂದು ಬಣ್ಣದ ಆಸಿಡ್ ಹೆಮಟಿನ್ ಆಗಲು ಅಷ್ಟು ಹೊತ್ತು ಹಿಡಿಯುತ್ತದೆ. ಬಳಿಕ ಹನಿಹನಿ ನೀರು ಬಿಡುತ್ತ, ಪಕ್ಕದ ಗಾಜಿನ ಬಣ್ಣಕ್ಕೆ ಹೊಂದಿಸಿ, ಕಲಕುವ ಕಡ್ಡಿಯನ್ನು ಮೇಲೆತ್ತಿ ಅಂಕಿ ಓದಬೇಕು. ತಪ್ಪಲು ದಾರಿಗಳು ಬೇಕಾದಷ್ಟು. ರಕ್ತ ಬರಲಿಲ್ಲವೆಂದು ಬೆರಳು ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಂಕಿ ಇಳಿಯುತ್ತದೆ. ನಾಲ್ಕನೇ ನಿಮಿಷಕ್ಕೇ ಓದಿದರೂ ಇಳಿಯುತ್ತದೆ. ಹೋಲಿಕೆಯ ಗಾಜು ಹಳತಾಗಿ ಬಣ್ಣ ಮಾಸಿದ್ದರೆ ಹೆಚ್ಚು ನೀರು ಹಿಡಿದು ಅಂಕಿ ಏರುತ್ತದೆ. ‘ಡಿಸ್ಟಿಲ್ಡ್ ವಾಟರ್’ ಎಂಬ ಚೀಟಿ ಅಂಟಿಸಿಕೊಂಡ ಬಾಟಲಿಯಲ್ಲಿರುವುದು ಕಾವೇರಿಯೋ ಟ್ಯಾಂಕರೋ ಎಂಬುದು ಬೇರೆ ಮಾತು.

ಇಷ್ಟೆಲ್ಲ ಅಡ್ಡಿ ದಾಟಿ ಇಡೀ ಬ್ಯಾಚು 14.5ಕ್ಕೇ ಬಂದು ನಿಲ್ಲುವುದರ ಗುಟ್ಟು ಸರಳ. 11.2 ಎಂದು ಕಂಡದ್ದನ್ನೇ ಬರೆದವನಿಗೆ ಸಹಿ ಇಲ್ಲ, ‘ರಿಪೀಟ್’. ರಿಪೀಟ್ ಎಂದರೆ ಇನ್ನೊಂದು ಬೆರಳಿಗೆ ಸೂಜಿ, ಇನ್ನೂ ಹತ್ತು ನಿಮಿಷ, ಅಷ್ಟರಲ್ಲಿ ಕ್ಲಾಸೇ ಮುಗಿದಿರುತ್ತದೆ. 14.5 ಬರೆದರೆ ಖರ್ಚಾಗುವುದು ಶಾಯಿ ಮಾತ್ರ. ಎರಡನೇ ವಾರದಿಂದ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ.

ಕೆಂಪುಕಣಗಳ ಎಣಿಕೆಯಲ್ಲಂತೂ ಈ ಕಲೆ ಇನ್ನೂ ಒಂದು ಮೆಟ್ಟಿಲು ಹತ್ತುತ್ತದೆ. ನ್ಯೂಬಾವರ್ ಚೇಂಬರ್ ಎಂಬ ಚೌಕಗಳ ಗೆರೆ ಕೊರೆದ ಗಾಜಿನಲ್ಲಿ 80 ಪುಟ್ಟ ಚೌಕಗಳ ಕಣ ಎಣಿಸಿ ಹತ್ತು ಸಾವಿರದಿಂದ ಗುಣಿಸಬೇಕು. ನಮ್ಮವರು ಮೊದಲು 50 ಲಕ್ಷ ಎಂದು ಉತ್ತರ ಬರೆದು, ಅಲ್ಲಿಂದ ಹಿಂದಕ್ಕೆ ನಡೆದು 500 ಮಾಡಿಕೊಂಡು, ಹದಿನಾರು ಚೌಕಗಳ ಐದು ಗುಂಪಿಗೆ ಹಂಚುತ್ತಾರೆ: 99, 101, 100, 98, 102. ಕಣಗಳಿಗೆ ಇಷ್ಟು ಶಿಸ್ತು ಇರುವುದಿಲ್ಲ. ಸರಾಸರಿ ನೂರು ಇದ್ದಲ್ಲಿ ಒಂದು ಗುಂಪಿನಲ್ಲಿ 88, ಇನ್ನೊಂದರಲ್ಲಿ 111 ಸಿಕ್ಕುವುದೇ ಸಹಜ. ನೂರರ ವರ್ಗಮೂಲ ಹತ್ತು, ಅಷ್ಟು ಆಚೀಚೆ ಆಗಿಯೇ ಆಗುತ್ತದೆ. ಕದಿಯಲಿಕ್ಕಾದರೂ ಒಂದಿಷ್ಟು ಸ್ಟ್ಯಾಟಿಸ್ಟಿಕ್ಸ್ ಬೇಕು ಎಂಬುದನ್ನು ಯಾವ ಮಾಡ್ಯೂಲೂ ಹೇಳಿಕೊಡುತ್ತಿಲ್ಲ. ಬಿಪಿಯದ್ದೂ ಇದೇ ಕಥೆ. ಪಾದರಸದ ಯಂತ್ರದಲ್ಲಿ ಗೆರೆ ಇರುವುದು ಎರಡೆರಡು ಮಿಲಿಮೀಟರಿಗೆ. 125/85 ಎಂದು ಬರೆದವರು ಇಲ್ಲದ ಗೆರೆಯನ್ನು ಓದಿದ್ದಾರೆ, ಅದಕ್ಕೆ ಸಹಿಯೂ ಬಿದ್ದಿದೆ. ಸಿಲ್ಕ್ ಬೋರ್ಡ್ ದಾಟಿಕೊಂಡು ಓಡೋಡಿ ಬಂದವನದೂ 120/80.

ಒಪ್ಪಿಗೆ, ಗೋಪ್ಯತೆ ಎಂಬ ಸ್ಲೈಡುಗಳು ಹಾಲಿನಲ್ಲಿ ಓಡುತ್ತಿರುವಾಗ ಲ್ಯಾಬಿನಲ್ಲಿ ಒಪ್ಪಿಗೆ ಪಡೆಯುವ ಕ್ರಮ ಇದು: “ಏಯ್, ಬೆರಳು ಕೊಡೋ, ನಿನ್ನೆ ನಂದು ಚುಚ್ಚಿದ್ರಲ್ಲ.” ಗೋಪ್ಯತೆಯ ಕ್ರಮ ಇದು: “ಮೇಡಂ, ಇವಳಿಗೆ ಎಂಟೂವರೆ ಬಂತು!” ಮೇಡಂಗೆ ಕೇಳಿಸುವ ಮೊದಲು ಕೊನೇ ಬೆಂಚಿಗೆ ಕೇಳಿಸಿರುತ್ತದೆ. ಏಟ್‌ಕಾಮ್ ಕಲಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇಡೀ ವರ್ಷದಲ್ಲಿ ಸಿಗುವುದಿಲ್ಲ. ಆ ಹುಡುಗಿಯನ್ನು ಪಕ್ಕಕ್ಕೆ ಕರೆದು, ಸಾಹ್ಲಿಯ ಅಂಕಿ ಅಷ್ಟು ನಂಬಿಕಸ್ಥ ಅಲ್ಲಮ್ಮ, ಆಸ್ಪತ್ರೆಯ ಲ್ಯಾಬಿನಲ್ಲಿ ಸಿಬಿಸಿ, ಅಂದರೆ ರಕ್ತದ ಪೂರ್ತಿ ಎಣಿಕೆ, ಮಾಡಿಸೋಣ, ಸುಸ್ತು ಇದೆಯಾ, ಮುಟ್ಟಿನಲ್ಲಿ ಹೆಚ್ಚು ಹೋಗುತ್ತಾ ಎಂದು ಕೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ ಲಾಗ್‌ಬುಕ್ಕಿನಲ್ಲಿ ಕಾಲಂ ಇಲ್ಲ. ಅವಳ ರೆಕಾರ್ಡಿನಲ್ಲೂ 13.

ಇನ್ನು ಸಂವಹನ. ಓಸ್ಪಿ ಎಂಬ, ಮೇಜಿನಿಂದ ಮೇಜಿಗೆ ಹೋಗಿ ಕೆಲಸ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಬಿಪಿ ನೋಡುವ ಸ್ಟೇಷನ್ನಿಗೆ ಸಿಗುವುದು ಐದು ನಿಮಿಷ. ಬಿಪಿ ನೋಡುವ ಮೊದಲು ಕೂತವರಿಗೆ ವಿಶ್ರಾಂತಿ ಕೊಡಬೇಕಾದ್ದೂ ಐದು ನಿಮಿಷ. ಹಾಗಾಗಿ ವಿಶ್ರಾಂತಿಯನ್ನು ಬಾಯಲ್ಲಿ ಹೇಳಿದರೆ ಸಾಕು, ಅಂಕ ಬೀಳುತ್ತದೆ. ನಮಸ್ಕಾರಕ್ಕೆ ಅರ್ಧ, ಹೆಸರು ಹೇಳಿದ್ದಕ್ಕೆ ಅರ್ಧ, ಒಪ್ಪಿಗೆ ಕೇಳಿದ್ದಕ್ಕೆ ಒಂದು. ಒಪ್ಪಿಗೆ ಸಿಕ್ಕಿತೇ ಎಂಬುದಕ್ಕೆ ಅಂಕವಿಲ್ಲದ್ದರಿಂದ ಉತ್ತರಕ್ಕೆ ಕಾಯುವವರಿಲ್ಲ. ರೋಗಿಯಾಗಿ ಕೂತಿರುವವರು ಬೆಳಗ್ಗೆಯಿಂದ ತೋಳು ಒತ್ತಿಸಿಕೊಳ್ಳುತ್ತಿರುವ ಡಿಪಾರ್ಟ್‌ಮೆಂಟಿನ ಅಟೆಂಡರಣ್ಣ. ಚೆಕ್‌ಲಿಸ್ಟು ಬಾಯಿಪಾಠವಾಗಿರುವುದು ಅವರೊಬ್ಬರಿಗೇ. “ಥ್ಯಾಂಕ್ಸ್ ಹೇಳಮ್ಮ, ಅರ್ಧ ಮಾರ್ಕ್ಸ್ ಇದೆ,” ಎಂದು ಮೆಲ್ಲಗೆ ಎಚ್ಚರಿಸುತ್ತಾರೆ. ಆ ಕೊಠಡಿಯಲ್ಲಿ ಎದುರಿಗಿರುವವರ ಮುಖ ನೋಡಿ ಮಾತಾಡುವವರೂ ಅವರೊಬ್ಬರೇ.

ವೃತ್ತಿ ಕೌಶಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಿಯರ್ ಗೈಡೆನ್ಸ್ ಎಂದರೆ ಪಿಜಿ ಕೋಚಿಂಗಿನವರು ಬಂದು ರೇಡಿಯಾಲಜಿಯ ಕನಸು ಮಾರಿ ಹೋಗುವುದು. ಫಿಸಿಯಾಲಜಿ ವಿಭಾಗ ಏರ್ಪಡಿಸಿದ ಕಾರ್ಯಕ್ರಮದಲ್ಲೇ ಫಿಸಿಯಾಲಜಿಯಲ್ಲಿ ಎಂಡಿ ಮಾಡಬಹುದು ಎಂಬ ಸುದ್ದಿ ಬರುವುದಿಲ್ಲ. ಖಾಲಿ ಸೀಟು ತುಂಬಲು 2023ರಲ್ಲಿ ಎಂಡಿಯಂಥ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯ ಕಟ್-ಆಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಕೂತವರೆಲ್ಲ ಅರ್ಹರು. ಅದಕ್ಕಿಂತ ಸಲೀಸಾದ ಬಾಗಿಲು ಯಾವ ಕರಿಯರಿಗೂ ಇರಲಿಕ್ಕಿಲ್ಲ.

ಪರಿಹಾರ ಯೋಚಿಸದವರೇ ಇಲ್ಲ ಎನ್ನುವಂತಿಲ್ಲ. ಟೇಬಲಿನ ಮುಂದೆಯೇ ರಫ್ ರೆಕಾರ್ಡಿನಲ್ಲಿ ಪೆನ್ನಿನಿಂದ ಕಂಡ ಅಂಕಿ ಬರೆದು, ಆಗಲೇ ಸಹಿ ಹಾಕಿಸಿ, ಅಂಕಿ ಏಕೆ ತಪ್ಪಿತು ಎಂಬುದನ್ನು ಕೆಳಗೆ ಎರಡು ಸಾಲಿನಲ್ಲಿ ಬರೆದವರಿಗೇ ಹೆಚ್ಚು ಅಂಕ ಕೊಡಿ ಎಂದು ಮೇಷ್ಟರೊಬ್ಬರು ನಿಯಮ ಮಾಡಿದರೆನ್ನಿ. ಮಾರನೇ ವಾರವೇ ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಸೀನಿಯರುಗಳ ಫೇರ್ ರೆಕಾರ್ಡಿನ ಪಕ್ಕ ರಫ್ ರೆಕಾರ್ಡೂ ಸ್ಪೈರಲ್ ಬೈಂಡಾಗಿ ಬಂದು ಕೂರುತ್ತದೆ. ಫೇರ್ ಬರೆದು ಮುಗಿದ ಮೇಲೆ ಅದನ್ನು ನೋಡಿಕೊಂಡು ರಫ್ ತುಂಬುತ್ತಾರೆ: ನಂಬಿಕೆ ಬರಲೆಂದು ಅಲ್ಲಲ್ಲಿ ಒಂದು ಚಿತ್ತು, ಮೂಲೆಯಲ್ಲಿ ಒಂದು ಹನಿ ಕೆಂಪು ಇಂಕು, ಕೆಳಗೆ ಎಲ್ಲರದೂ ಒಂದೇ ಕಾರಣ, “ಬೆರಳು ಹಿಂಡಿದ್ದರಿಂದ”.